ಫ್ರೀಜರಲ್ಲಿಟ್ಟ ಮೀನು ಎಷ್ಟು ತಿಂಗಳಿಗೆ ಆಗ್ತದೆ?

ಪ್ರಶ್ನೆ: ಅಕ್ಕಾ, ಜೂನ್ 1ರಿಂದ ಜುಲೈ 31ರ ತನಕ ಬೋಟು ಕಡಲಿಗೆ ಹೋಗುದಿಲ್ಲ ಅಂತ ಮೇ ಕೊನೆಗೆ ಮಲ್ಪೆಯಿಂದ ಬಂಗುಡೆ, ಅಂಜಲ್ ತಂದು ಕ್ಲೀನ್ ಮಾಡಿ ಫ್ರೀಜರಲ್ಲಿ ಇಟ್ಟಿದ್ದೆ. ಈಗ ಸೆಪ್ಟೆಂಬರ್ ಬಂತು, ಇನ್ನೂ ನಾಲ್ಕು ಪ್ಯಾಕೆಟ್ ಉಂಟು. ಮಧ್ಯ ಗಾಳಿಮಳೆಗೆ ಒಂದು ರಾತ್ರಿ ಇಡೀ ಕರೆಂಟ್ ಇರ್ಲಿಲ್ಲ. ಅತ್ತೆ ಬಿಸಾಡು ಅಂತಾರೆ, ಇವರು ಏನಾಗುದಿಲ್ಲ ತಿನ್ನುವ ಅಂತಾರೆ. ಏನು ಮಾಡುದು?
– ಓದುಗರು, ಉಡುಪಿ

ಉತ್ತರ: ಈಗಲೇ ಬಿಸಾಡ್ಬೇಡಿ. ಮೈನಸ್ 18 ಡಿಗ್ರಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗೇ ಇದ್ದ ಮೀನು ನಾಲ್ಕು ತಿಂಗಳಾಯ್ತು ಅಂತ ವಿಷ ಆಗುದಿಲ್ಲ, ಆ ಚಳಿಗೆ ಬ್ಯಾಕ್ಟೀರಿಯಾ ಬೆಳೆಯುದಿಲ್ಲ, ಹಾಗಂತ ಎಲ್ಲ ಸಾಯುದೂ ಇಲ್ಲ, ಹೊರಗೆ ತೆಗೆದು ಸ್ವಲ್ಪ ಬಿಸಿ ಹಿಡಿದ್ರೆ ಪುನಃ ಶುರುವಾಗ್ತದೆ. ದಿನ ಹೋದ ಹಾಗೆ ಕೆಡುದು ರುಚಿ. ಬಂಗುಡೆ, ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ಎರಡು ಮೂರು ತಿಂಗಳಲ್ಲೇ ಕಮಟು ಬರ್ಲಿಕ್ಕೆ ಶುರು. ಎಣ್ಣೆ ಕಡಿಮೆ ಇರುವ ಕಾಣೆಯಂಥ ಮೀನು ಆರು ತಿಂಗಳು ಚೆನ್ನಾಗಿರ್ತದೆ. ತುಂಡಿನ ಅಂಚು ಬೆಳ್ಳಗೆ ಒಣಗಿದ ಹಾಗೆ ಕಂಡ್ರೆ ಹೆದರ್ಬೇಡಿ, ಗಾಳಿ ತಾಗಿ ನೀರು ಆರಿದ್ದು ಅಷ್ಟೇ, ಅಷ್ಟು ಕತ್ತರಿಸಿ ತೆಗೀರಿ.

ನನಗೆ ನಿಜವಾಗಿ ಚಿಂತೆ ಇರುದು ಫ್ರೀಜರಿಗೆ ಹೋಗುವ ಮೊದಲಿನ ಹೊತ್ತಿನ ಬಗ್ಗೆ. ಬಂಗುಡೆ, ಬೂತಾಯಿ, ಅಂಜಲ್ ಇಂಥ ಮೀನು ಮೇ ತಿಂಗಳ ಸೆಕೆಗೆ ಐಸ್ ಇಲ್ಲದೆ ಸ್ಕೂಟರಿನ ಡಿಕ್ಕಿಯಲ್ಲಿ ಗಂಟೆಗಟ್ಟಲೆ ಕೂತ್ರೆ ಅದ್ರಲ್ಲಿ ಹಿಸ್ಟಮಿನ್ ಅಂತ ಒಂದು ವಿಷವಸ್ತು ಆಗ್ತದೆ, ಒಮ್ಮೆ ಆಯ್ತು ಅಂದ್ರೆ ಫ್ರೀಜ್ ಮಾಡಿದ್ರೂ ಹೋಗುದಿಲ್ಲ, ಕಾಯಿಸಿದ್ರೂ ಹೋಗುದಿಲ್ಲ, ಹುಳಿ ಮೆಣಸು ಎಷ್ಟು ಹಾಕಿದ್ರೂ ಇಲ್ಲ. ತಿಂದು ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡೀತದೆ. ವಾಸನೆಯಲ್ಲಿ ಗೊತ್ತಾಗ್ಬೇಕು ಅಂತ ಏನಿಲ್ಲ. ಹಾಗಾಗಿ ನೀವೇ ನೆನಪು ಮಾಡಿ ನೋಡಿ, ಅವತ್ತು ಐಸ್ ಹಾಕಿಸಿ ತಂದು ಮನೆಗೆ ಬಂದ ಕೂಡ್ಲೇ ಕ್ಲೀನ್ ಮಾಡಿ ಇಟ್ಟದ್ದಾ? ಹೌದಾದ್ರೆ ಅರ್ಧ ಚಿಂತೆ ಮುಗೀತು.

ಇನ್ನು ಕರೆಂಟಿನ ವಿಷಯ. ಬೇರೆ ಬಾಗಿಲು ಇರುವ ಫ್ರೀಜರ್ ತುಂಬಿದ್ದು, ಬಾಗಿಲು ತೆಗೆಯದೇ ಇದ್ರೆ ಸುಮಾರು 48 ಗಂಟೆ ಗಟ್ಟಿ ಇರ್ತದೆ, ಅರ್ಧ ಖಾಲಿ ಇದ್ರೆ 24. ಹಾಗಾದ್ರೆ ಒಂದು ರಾತ್ರಿ ದೊಡ್ಡದಲ್ಲ. ಸಿಂಗಲ್ ಡೋರ್ ಫ್ರಿಜ್ಜಿನ ಒಳಗಿನ ಸಣ್ಣ ಫ್ರೀಜರ್ ಆದ್ರೆ ಅಷ್ಟು ನಂಬ್ಬೇಡಿ, ಅದು ಎಷ್ಟೋ ಸಲ ಮೈನಸ್ 18ಕ್ಕೆ ಹೋಗುದೇ ಇಲ್ಲ. ಪ್ಯಾಕೆಟ್ ನೋಡಿ, ಇಡುವಾಗ ಬಿಡಿಬಿಡಿಯಾಗಿದ್ದ ತುಂಡುಗಳೆಲ್ಲ ಅಂಟಿ ಒಂದೇ ಗಡ್ಡೆ ಆಗಿ ಅಡಿಯಲ್ಲಿ ಕೆಂಪು ನೀರು ಹೆಪ್ಪುಗಟ್ಟಿದ್ರೆ ಅದು ಕರಗಿ ಪುನಃ ಗಟ್ಟಿಯಾದದ್ದು, ಅದನ್ನು ಬಿಸಾಡಿ, ಅತ್ತೆ ಹೇಳಿದ್ದೇ ಸರಿ. ಮುಂದಕ್ಕೆ ಒಂದು ಲೋಟ ನೀರು ಗಡ್ಡೆ ಕಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಡಿ, ಕರೆಂಟ್ ಬಂದ ಮೇಲೆ ನಾಣ್ಯ ಅಡಿಗೆ ಹೋಗಿದ್ರೆ ಕರಗಿದ್ದು ಅಂತ ಲೆಕ್ಕ.

ಕರಗಿಸುವಾಗ ಸಿಂಕಿನ ಹತ್ರ ಬೆಳಗ್ಗಿಂದ ಇಡುದು ಬೇಡವೇ ಬೇಡ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಿ, ಕೆಳಗೆ ಒಂದು ಪಾತ್ರೆ ಇಡಿ.

ಬಂಗುಡೆ ಮೊದಲು ಬಿಚ್ಚಿ ಮೂಸಿ ನೋಡಿ, ಕಮಟು ಇದ್ರೆ ಬೇಜಾರು ಮಾಡದೆ ಬಿಡಿ, ಬೋಟು ಆಗಸ್ಟಿಗೇ ಇಳಿದಾಗಿದೆ, ತಾಜಾ ಸಿಗ್ತದೆ. ಅಂಜಲ್ ಸರಿ ಉಂಟಾದ್ರೆ ಇದೇ ವಾರ ಗಸಿ ಮಾಡಿ ಮುಗಿಸಿ.