ಪ್ರೀಆಂಪ್ ಗುಂಯ್‌ಗುಡುತ್ತಿದ್ದರೆ ಮೊದಲು ಹೀಟರ್ ನೋಡಿ

ಆಲ್ದೂರಿನಲ್ಲಿ 12ಎಎಕ್ಸ್7 ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಹಾಕಿ ಪ್ರೀಆಂಪ್, ಅಂದರೆ ಸಣ್ಣ ಆಡಿಯೋ ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್, ಕಟ್ಟಿದ್ದೀರಿ. ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ನಿಲ್ಲುತ್ತಿಲ್ಲ, ಫಿಲ್ಟರ್ ಕೆಪಾಸಿಟರ್ (ಡಿಸಿ ವೋಲ್ಟೇಜಿನ ಏರಿಳಿತ ತಗ್ಗಿಸುವುದು) ಬದಲಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ಸದ್ದನ್ನು ಸರಿಯಾಗಿ ಕೇಳಿಸಿಕೊಳ್ಳಿ. ದಪ್ಪ, ಮೆತ್ತನೆಯ ಗುಂಯ್ ಆದರೆ 50 ಹರ್ಟ್ಸ್. ಸಾಮಾನ್ಯವಾಗಿ ಹೀಟರ್ (ವಾಲ್ವ್ ಒಳಗೆ ಕಾಯುವ ತಂತಿ) ವೈರಿಂದಲೋ ಗ್ರೌಂಡಿಂದಲೋ ಬರುತ್ತದೆ. ಒರಟಾಗಿ ಝರ್ ಅಂದರೆ 100 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ದಾಟಿ ಬಂದ ರಿಪಲ್, ಅಂದರೆ ಉಳಿದ ಏರಿಳಿತ. ಆಗ ಮಾತ್ರ ಕೆಪಾಸಿಟರ್ ಮೇಲೆ ಅನುಮಾನ ಪಡಿ.

ಹಾಸನದಲ್ಲಿ ನಾನು ಕಟ್ಟಿದ್ದರಲ್ಲೂ ಇದೇ ಕಾಟ ಇತ್ತು. ಎರಡು ಕೆಪಾಸಿಟರ್ ಸುಮ್ನೆ ಬದಲಿಸಿದೆ. ಕಡೆಗೆ ನೋಡಿದರೆ ಟ್ರಾನ್ಸ್‌ಫಾರ್ಮರ್‌ನ 6.3 ವೋಲ್ಟ್ ಹೀಟರ್ ವೈಂಡಿಂಗ್‌ಗೆ (ಹೀಟರ್‌ಗೆ ಕರೆಂಟ್ ಕೊಡುವ ಸುರುಳಿಗೆ) ಗ್ರೌಂಡೇ ಇರಲಿಲ್ಲ! ಅದರ ಎರಡೂ ತುದಿಯಿಂದ ಒಂದೊಂದು 100 ಓಮ್ ರೆಸಿಸ್ಟರ್ ಗ್ರೌಂಡಿಗೆ ಹಾಕಿದೆ. ಹೀಟರ್ ವೈರ್ ಎರಡನ್ನೂ ಹಗ್ಗ ಹೊಸೆದ ಹಾಗೆ ಬಿಗಿಯಾಗಿ ಸುತ್ತಿ ಚಾಸಿಯ ಮೂಲೆಗೆ ಒತ್ತಿಟ್ಟೆ. ಸದ್ದು ಅಡಗಿತು. ನಿಮ್ಮ ಟ್ರಾನ್ಸ್‌ಫಾರ್ಮರ್‌ನ ಹೀಟರ್ ವೈಂಡಿಂಗ್‌ಗೆ ಸೆಂಟರ್ ಟ್ಯಾಪ್ (ಸುರುಳಿಯ ನಡುವಿನಿಂದ ಬಂದ ತಂತಿ) ಇದ್ದರೆ ಅದನ್ನೇ ಗ್ರೌಂಡ್ ಮಾಡಿ, ರೆಸಿಸ್ಟರ್ ಬೇಕಿಲ್ಲ.

ದಯವಿಟ್ಟು ಹುಷಾರು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ 250 ವೋಲ್ಟ್‌ವರೆಗೆ ಕೂತಿರಬಹುದು, ಜೀವ ತೆಗೆಯುವಷ್ಟು. ಅದು ತಾನಾಗಿ ಖಾಲಿಯಾಗುವಂತೆ ಕೆಪಾಸಿಟರ್‌ನ ಎರಡು ಕಾಲಿನ ನಡುವೆ 220 ಕಿಲೋ ಓಮ್, 2 ವ್ಯಾಟ್ ರೆಸಿಸ್ಟರ್ ಕಾಯಂ ಆಗಿ ಬೆಸುಗೆ ಹಾಕಿ. ಪ್ಲಗ್ ಕಿತ್ತು, ಕೆಪಾಸಿಟರ್‌ಗೆ ಹಿಡಿದ ವೋಲ್ಟ್ ಮೀಟರ್ ಸೊನ್ನೆ ಹತ್ತಿರ ಇಳಿದ ಮೇಲೆಯೇ ಒಳಗೆ ಕೈ ಹಾಕಿ.