ತಂಗಿಯ ಕೈಗಿತ್ತ ಫೋನ್ ನಂಬರು

ಮಾನ್ಯರೇ,

ಇಂಗ್ಲೆಂಡಿನ ಲೆಸ್ಟರಿನಲ್ಲಿರುವ ನಿಮ್ಮ ತಂಗಿಗೆ ಸ್ತನ ಕ್ಯಾನ್ಸರ್ ಎಂದು ತಿಳಿಸಿದ ದಿನವೇ ಆಸ್ಪತ್ರೆಯವರು ಒಬ್ಬ ನರ್ಸಿನ ಹೆಸರು, ಫೋನ್ ನಂಬರು ಬರೆದ ಚೀಟಿ ಕೊಟ್ಟರೆಂದೂ, ಡಾಕ್ಟರನ್ನು ಬಿಟ್ಟು ನರ್ಸನ್ನು ಕೇಳಿ ಏನು ಪ್ರಯೋಜನ, ಅವರು ಸಮಾಧಾನ ಹೇಳುವುದಕ್ಕಷ್ಟೇ ಇರುವವರಲ್ಲವೇ ಎಂದೂ ಬರೆದಿದ್ದೀರಿ. ಫೋನ್ ಮಾಡಲು ತಂಗಿಯೂ ಹಿಂಜರಿಯುತ್ತಿದ್ದಾರೆಂದು ಓದಿದ ಮೇಲೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕೆನಿಸಿತು.

ಆ ಚೀಟಿಯಲ್ಲಿ ಹೆಸರಿರುವವರು ವಾರ್ಡಿನಲ್ಲಿ ಇಂಜೆಕ್ಷನ್ ಕೊಡುವ ನರ್ಸ್ ಅಲ್ಲ. ಬ್ರಿಟನ್ನಿನಲ್ಲಿ ಸ್ತನ, ಶ್ವಾಸಕೋಶ, ಕರುಳು ಹೀಗೆ ಒಂದೊಂದು ಬಗೆಯ ಕ್ಯಾನ್ಸರಿನಲ್ಲೇ ಪಳಗಿದ ತಜ್ಞ ನರ್ಸ್‌ಗಳಿದ್ದಾರೆ. 1911ರಲ್ಲಿ ಡಗ್ಲಸ್ ಮ್ಯಾಕ್‌ಮಿಲನ್ ಸ್ಥಾಪಿಸಿದ ಸೇವಾಸಂಸ್ಥೆ 1975ರಿಂದ ಇಂಥ ಹುದ್ದೆಗಳಿಗೆ ಹಣ ಒದಗಿಸುತ್ತ ಬಂದದ್ದರಿಂದ ಹಲವರನ್ನು ‘ಮ್ಯಾಕ್‌ಮಿಲನ್ ನರ್ಸ್’ ಎಂದೇ ಕರೆಯುತ್ತಾರೆ. ಸರ್ಜನ್, ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್, ಗಡ್ಡೆಯ ತುಣುಕನ್ನು ಪರೀಕ್ಷಿಸುವ ಪೆಥಾಲಜಿಸ್ಟ್, ಕ್ಯಾನ್ಸರಿಗೆ ಔಷಧಿ ಕೊಡುವ ಆಂಕಾಲಜಿಸ್ಟ್ ಒಟ್ಟಿಗೆ ಕುಳಿತು ರೋಗಿಯ ಚಿಕಿತ್ಸೆಯನ್ನು ಚರ್ಚಿಸುವ ಸಭೆಯಲ್ಲಿ ಈ ನರ್ಸೂ ಇರುತ್ತಾರೆ. ಉಳಿದವರ ಮುಂದೆ ಸ್ಕ್ಯಾನ್ ಇರುತ್ತದೆ. ಮನೆಯಲ್ಲಿ ಎಳೆಯ ಮಕ್ಕಳಿದ್ದಾರೆ, ಆಸ್ಪತ್ರೆಗೆ ಕರೆತರುವವರಿಲ್ಲ ಎಂಬುದು ಬಹುಮಟ್ಟಿಗೆ ಗೊತ್ತಿರುವುದು ಅವರೊಬ್ಬರಿಗೇ.

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಡಾಕ್ಟರು ಮುಂದೆ ಹೇಳಿದ್ದೊಂದೂ ತಲೆಗೆ ಹೋಗುವುದಿಲ್ಲ. ಆದ್ದರಿಂದ ಅನುಭವಿ ನರ್ಸ್ ರೋಗಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು, ‘ನಿಮಗೆ ಏನು ಅರ್ಥವಾಯಿತು, ನಿಮ್ಮ ಮಾತಿನಲ್ಲೇ ಹೇಳಿ’ ಎಂದು ಕೇಳಿ, ಅಲ್ಲಿಂದ ಶುರುಮಾಡುತ್ತಾರೆ. ಪರೀಕ್ಷೆಗೆ ಗಡ್ಡೆಯ ತುಣುಕು ತೆಗೆದ (ಬಯಾಪ್ಸಿ) ಬಳಿಕ ಸುಮ್ಮನೆ ಕಾಯಿಸಿದರೆಂದು ನೀವು ನೊಂದಿದ್ದೀರಿ. ಗಡ್ಡೆ ಹಾರ್ಮೋನಿಗೆ ಸ್ಪಂದಿಸುವಂಥದ್ದೇ, ಅದರಲ್ಲಿ ಗಡ್ಡೆಯನ್ನು ಬೇಗ ಬೆಳೆಸುವ ಹರ್-2 ಎಂಬ ಪ್ರೋಟೀನು ಹೆಚ್ಚಿದೆಯೇ ಎಂದು ತಿಳಿಯದೆ ಯಾವ ಔಷಧಿ, ಮೊದಲು ಕೀಮೋವೋ ಆಪರೇಷನ್ನೋ ಎಂದು ನಿರ್ಧರಿಸುವುದು ಕಷ್ಟ. ಇದನ್ನು ಆ ದಿನವೇ ಯಾರಾದರೂ ಬಿಡಿಸಿ ಹೇಳಿದ್ದರೆ ಕಾಯುವುದು ಇಷ್ಟು ಭಾರವಾಗುತ್ತಿರಲಿಲ್ಲ.

ಹೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ನನ್ನ ತಾಯಿಗೆ ಕೀಮೋ ಆದ ಒಂಬತ್ತನೆಯ ರಾತ್ರಿ ಜ್ವರ ಬಂತು. ಮಾತ್ರೆ ನುಂಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಬೆಳಗಾಗಲೆಂದು ಕಾದೆವು. ಬಿಳಿ ರಕ್ತಕಣಗಳು ಕುಸಿದಿರುವ ಆ ದಿನಗಳಲ್ಲಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರವೂ ತುರ್ತು ಸ್ಥಿತಿಯೆಂದು, ಗಂಟೆಯೊಳಗೆ ಆಂಟಿಬಯೋಟಿಕ್ ಬೇಕಾಗಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ. ಅಮ್ಮ ಉಳಿದರು, ಆ ರಾತ್ರಿಯನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ತಂಗಿಗೆ ಕೊಟ್ಟಿರುವ ಕಾಗದಗಳಲ್ಲಿ ರಾತ್ರಿ ಹೊತ್ತಿನ ತುರ್ತು ನಂಬರು ಬೇರೆ ಇರಬಹುದು, ಅದನ್ನೂ ಹುಡುಕಿ ಇಟ್ಟುಕೊಳ್ಳಲಿ.

ನಮ್ಮಲ್ಲಿ ಇಂಥವರ ಕೊರತೆ ದೊಡ್ಡದು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ರೋಗಿಗಳಿಗೆ ದಾರಿ ತೋರುವವರನ್ನೇ ತರಬೇತುಗೊಳಿಸಿ, ರಾಮನನ್ನು ಹೊಳೆ ದಾಟಿಸಿದ ಅಂಬಿಗನ ಹೆಸರಿನಿಂದ ‘ಕೇವಟ್’ ಎಂದು ಕರೆದಿದೆ. ಅವರು ನರ್ಸ್‌ಗಳ ಬದಲಿಗೆ ಬಂದವರಲ್ಲವಾದರೂ ಈ ಹೆಜ್ಜೆ ನನಗೆ ಬಹಳ ಮೆಚ್ಚುಗೆಯಾಯಿತು.

ತಂಗಿಗೆ ಇಂಗ್ಲಿಷಿನಲ್ಲಿ ಹೇಳಿಕೊಳ್ಳುವುದು ಕಷ್ಟವೆಂದಿದ್ದೀರಿ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ದುಭಾಷಿಯನ್ನು ಉಚಿತವಾಗಿ ಕೇಳಬಹುದು. ಮಗಳ ಬಾಯಿಂದ ಹೇಳಿಸಬೇಕಿಲ್ಲ. ಮೂರನೆಯ ಕೀಮೋ ಆದಮೇಲೆ ಬೆರಳ ತುದಿ ಜುಮುಗುಡುತ್ತಿದೆ, ರವಿಕೆಯ ಗುಂಡಿ ಹಾಕಲಾಗುತ್ತಿಲ್ಲ ಎಂದು ಅವರು ನಿಮಗೆ ಮಾತ್ರ ಹೇಳಿದ್ದಾರಲ್ಲ, ಅದು ಮುಂದಿನ ಕೀಮೋಗಿಂತ ಮೊದಲೇ ಆ ನರ್ಸಿಗೆ ತಿಳಿಯಬೇಕು. ಕೆಲವು ಔಷಧಿಗಳ ಡೋಸ್ ಇಳಿಸಬೇಕೇ ಎಂದು ಡಾಕ್ಟರು ತೀರ್ಮಾನಿಸುವುದು ಇಂಥ ಮಾತಿನ ಮೇಲೆಯೇ. ಇಂದೇ ಫೋನ್ ಮಾಡಲು ಹೇಳಿ.

— ಸಂಪಾದಕ