ಅಮ್ಮನ ಜೊತೆ ಟೊರೊಂಟೋಗೆ ಹೋಗುವಾಗ ದಾರಿಯಲ್ಲಿ ಮೂರು ದಿನ ಇಳಿಯಬೇಕು, ಮೈಲ್ಸ್‌ನಲ್ಲಿ ಆಗುತ್ತದಾ?

ಆಗುತ್ತದೆ. (ಮೈಲ್ಸ್ ಅಂದರೆ ಕಾರ್ಡ್ ಪಾಯಿಂಟ್ ಕೊಟ್ಟು ಪಡೆದು ಟಿಕೆಟ್‌ಗೆ ಬಳಸುವ ಏರ್‌ಲೈನ್ ಪಾಯಿಂಟ್.) ನೀವು ಕೇಳಿದ್ದು ಇಷ್ಟು ಅಲ್ವಾ: ಕಾರ್ಡ್‌ನಲ್ಲಿ 2 ಲಕ್ಷ 20 ಸಾವಿರ ಪಾಯಿಂಟ್ ಇದೆ, ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ಟೊರೊಂಟೋದ ತಂಗಿ ಮನೆಗೆ ಹೋಗಬೇಕು, ಹೋಗುವಾಗ ಎಲ್ಲಾದರೂ ಮೂರು ದಿನ ಇಳಿಯಬೇಕು, ಬರುವಾಗ ಸಿಂಗಪುರ ನೋಡಿಕೊಂಡು ಬರಬೇಕು. ಕಾರ್ಡ್‌ನ ಲೆಕ್ಕ ಸರಿಹೋದರೆ ಮೊದಲ ಅರ್ಧ ಚೆನ್ನಾಗಿ ಆಗುತ್ತದೆ. ಸಿಂಗಪುರ ಬಿಡಿ ಅಂತ ಹೇಳುತ್ತೇನೆ, ಕಾರಣ ಮುಂದೆ ಬರೆದಿದ್ದೇನೆ. ನಾನು 2023ರಲ್ಲಿ ನನ್ನ ಅಮ್ಮನ ಜೊತೆ ಹೆಚ್ಚುಕಡಿಮೆ ಇದೇ ಪ್ರಯಾಣ ಮಾಡಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಪಾಯಿಂಟ್‌ಗಳನ್ನು ಇನ್ನೂ ಯಾವ ಏರ್‌ಲೈನ್‌ಗೂ ಕಳಿಸಬೇಡಿ. ಬ್ಯಾಂಕಿನಿಂದ ಒಮ್ಮೆ ಹೋದ ಪಾಯಿಂಟ್ ವಾಪಸ್ ಬರುವುದಿಲ್ಲ. ನಾನು ಆತುರಪಟ್ಟು, ಸೀಟು ಇದೆಯೋ ಇಲ್ಲವೋ ನೋಡದೆ, 60 ಸಾವಿರ ಒಂದು ಏರ್‌ಲೈನ್‌ಗೆ ಕಳಿಸಿಬಿಟ್ಟೆ. ನನಗೆ ಬೇಕಾದ ತಿಂಗಳಲ್ಲಿ ಅವರ ಹತ್ತಿರ ಒಂದು ಸೀಟೂ ಇರಲಿಲ್ಲ. ಆ ಮೈಲ್ಸ್ ಮೂರು ವರ್ಷಕ್ಕೆ ಕಳೆದುಹೋಗುತ್ತಿತ್ತು, ಅಷ್ಟರೊಳಗೆ ಹೇಗೋ ಬೇರೆ ಪ್ರಯಾಣಕ್ಕೆ ಬಳಸಿದೆ. ಆದರೆ ಅಮ್ಮನ ಪ್ರಯಾಣಕ್ಕೆ ಅಂತ ಕೂಡಿಟ್ಟಿದ್ದು ಅದಕ್ಕೆ ಸಿಗಲಿಲ್ಲವಲ್ಲ ಅನ್ನುವ ಬೇಜಾರು ಬಹಳ ದಿನ ಇತ್ತು.

ಆಮೇಲೆ ನಿಮ್ಮ ಕಾರ್ಡ್‌ನ ಲೆಕ್ಕ ನೋಡಿ. 2 ಲಕ್ಷ 20 ಸಾವಿರ ಪಾಯಿಂಟ್ ಅಂದರೆ ಅಷ್ಟೇ ಮೈಲ್ಸ್ ಅಂತಲ್ಲ. ಒಂದು ಕಾರ್ಡ್‌ನಲ್ಲಿ 1 ಪಾಯಿಂಟ್ ಕೊಟ್ಟರೆ 2 ಮೈಲ್ ಸಿಗುತ್ತದೆ, ಇನ್ನೊಂದರಲ್ಲಿ 5 ಪಾಯಿಂಟ್ ಕೊಟ್ಟರೆ 2 ಮೈಲ್. ಮೊದಲನೆಯದಾದರೆ ನಿಮ್ಮ ಹತ್ತಿರ 4 ಲಕ್ಷ 40 ಸಾವಿರ ಮೈಲ್ಸ್ ಇದೆ, ಎರಡನೆಯದಾದರೆ ಬರೀ 88 ಸಾವಿರ. ವರ್ಷಕ್ಕೆ ಇಷ್ಟೇ ಕಳಿಸಬಹುದು ಅಂತ ಮಿತಿ ಹಾಕಿರುವ ಬ್ಯಾಂಕ್‌ಗಳೂ ಇವೆ. ಇವೆರಡೂ ಗೊತ್ತಾಗದೆ ಮುಂದಿನ ಯೋಚನೆಯೇ ಬೇಡ.

ಇನ್ನು ಅಲಯನ್ಸ್, ಅಂದರೆ ಏರ್‌ಲೈನ್‌ಗಳ ಕೂಟದ ವಿಷಯ. ಇರುವುದು ಮೂರು. ಸ್ಟಾರ್ ಅಲಯನ್ಸ್ 1997ರಲ್ಲಿ, ಒನ್‌ವರ್ಲ್ಡ್ 1999ರಲ್ಲಿ, ಸ್ಕೈಟೀಮ್ 2000ದಲ್ಲಿ ಶುರುವಾದವು. ಏರ್ ಇಂಡಿಯಾ 2014ರಿಂದ ಸ್ಟಾರ್‌ನಲ್ಲಿದೆ. ಎಮಿರೇಟ್ಸ್, ಇಂಡಿಗೋ ಯಾವುದರಲ್ಲೂ ಇಲ್ಲ. ಇದರಿಂದ ಆಗುವ ಲಾಭ ಒಂದೇ. ಮೈಲ್ಸ್ ಒಬ್ಬರದು, ವಿಮಾನ ಇನ್ನೊಬ್ಬರದು ಆಗಬಹುದು. ಏರ್ ಕೆನಡಾದ ಮೈಲ್ಸ್ ಯೋಜನೆಯಾದ ಏರೋಪ್ಲಾನ್‌ನ ಮೈಲ್ಸ್ ಕೊಟ್ಟು ಲುಫ್ತಾನ್ಸಾದಲ್ಲೋ ಇಥಿಯೋಪಿಯನ್‌ನಲ್ಲೋ ಕೂರಬಹುದು. ಹಾಗಾಗಿ "ನನ್ನ ಹತ್ತಿರ ಯಾರ ಮೈಲ್ಸ್ ಇದೆ" ಅಂತ ಶುರು ಮಾಡಬೇಡಿ. "ನಾನು ಹೋಗುವ ದಾರಿಯಲ್ಲಿ ಯಾವ ವಿಮಾನ ಹಾರುತ್ತದೆ, ಮಧ್ಯೆ ಇಳಿಯಲು ಯಾರು ಸುಲಭವಾಗಿ ಬಿಡುತ್ತಾರೆ" ಅಂತ ಶುರು ಮಾಡಿ.

ನೀವು ಹೋಗುವ ಊರು ಟೊರೊಂಟೋ ಆದ್ದರಿಂದ ನನ್ನ ಉತ್ತರ ಏರೋಪ್ಲಾನ್. ಒಂದು ಕಡೆಯ ಟಿಕೆಟ್‌ನಲ್ಲಿ 5,000 ಪಾಯಿಂಟ್ ಜಾಸ್ತಿ ಕೊಟ್ಟರೆ ದಾರಿಯಲ್ಲಿ ಒಂದು ಊರಲ್ಲಿ 45 ದಿನದವರೆಗೂ ಇಳಿದಿರಬಹುದು. ಹೋಗುವಾಗ ಒಂದು, ಬರುವಾಗ ಒಂದು. ಜೊತೆಗೆ ಪಾಲುದಾರ ಏರ್‌ಲೈನ್‌ಗಳ ಇಂಧನ ಸರ್‌ಚಾರ್ಜ್ ಅನ್ನು ಅವರು ನಿಮ್ಮ ಮೇಲೆ ಹಾಕುವುದಿಲ್ಲ. ಏರ್‌ಪೋರ್ಟ್ ತೆರಿಗೆ, ಒಬ್ಬರಿಗೆ 39 ಕೆನಡಾ ಡಾಲರ್ ಬುಕಿಂಗ್ ಫೀ, ಅಷ್ಟೇ. ಅದೇ ಲುಫ್ತಾನ್ಸಾ ಸೀಟನ್ನು ಬೇರೆ ಕೆಲವು ಕಾರ್ಯಕ್ರಮಗಳ ಮೈಲ್ಸ್‌ನಲ್ಲಿ ತೆಗೆದುಕೊಂಡರೆ, ಮೈಲ್ಸ್ ಕೊಟ್ಟ ಮೇಲೂ ಸರ್‌ಚಾರ್ಜ್ ಅಂತ ಕೈಯಿಂದ ದೊಡ್ಡ ಮೊತ್ತ ಹೋಗುತ್ತದೆ.

ನಾನು ಬುಕ್ ಮಾಡಿದಾಗ ಲೆಕ್ಕ ಹೀಗಿತ್ತು. ಭಾರತದಿಂದ ಉತ್ತರ ಅಮೆರಿಕಕ್ಕೆ, ಹಾರುವ ದೂರ 8,000 ಮೈಲಿ ದಾಟಿದರೆ, ಒಬ್ಬರಿಗೆ ಒಂದು ಕಡೆಗೆ ಎಕಾನಮಿ 70,000 ಪಾಯಿಂಟ್, ಬ್ಯುಸಿನೆಸ್ 1 ಲಕ್ಷ. ಇಳಿಯುವುದಕ್ಕೆ 5,000. ನಾವಿಬ್ಬರೂ ಎಕಾನಮಿ, ಒಟ್ಟು 1 ಲಕ್ಷ 50 ಸಾವಿರ. ಈ ದರ ಆಗಾಗ ಬದಲಾಗುತ್ತದೆ, ನೀವು ಹುಡುಕುವ ದಿನ ಪರದೆಯ ಮೇಲೆ ಬರುವುದೇ ಲೆಕ್ಕ.

ಈಗ ಎಲ್ಲಿ ಇಳಿಯುವುದು ಅನ್ನುವ ಪ್ರಶ್ನೆ. ಎಲ್ಲರೂ ಮೊದಲು ಹೇಳುವುದು ಯುರೋಪ್. ಫ್ರಾಂಕ್‌ಫರ್ಟ್ ದಾರಿ ಸಲೀಸು, ಆದರೆ ಹೊರಗೆ ಬರಲು ಷೆಂಗೆನ್ ವೀಸಾ (ಯುರೋಪಿನ ಬಹುತೇಕ ದೇಶಗಳಿಗೆ ಒಂದೇ ವೀಸಾ) ಬೇಕು. ಅದಕ್ಕೆ ಅಮ್ಮನನ್ನು ಇನ್ನೊಮ್ಮೆ ವೀಸಾ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು. ಇಸ್ತಾನ್‌ಬುಲ್ ಅಂತ ಕೆಲವರು ಹೇಳುತ್ತಾರೆ. ಟರ್ಕಿಶ್ ವಿಮಾನ ಬೆಂಗಳೂರಿಗೆ ಬರುವುದಿಲ್ಲ, ದೆಹಲಿ ಇಲ್ಲವೇ ಮುಂಬೈಯಿಂದ ಹತ್ತಬೇಕು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಭಾರತೀಯರಿಗೆ ಟರ್ಕಿ ಇ-ವೀಸಾ ಸಿಗುವುದು ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ವೀಸಾ ಇದ್ದವರಿಗೆ. ಕೆನಡಾ ವೀಸಾ ಆ ಪಟ್ಟಿಯಲ್ಲಿಲ್ಲ. ನಿಮ್ಮ ಅಮ್ಮನ ಹತ್ತಿರ ಇರುವುದು ಕೆನಡಾ ವೀಸಾ ಒಂದೇ ಆದರೆ ಈ ದಾರಿ ಅಲ್ಲಿಗೇ ಮುಗಿಯಿತು.

ನಾವು ಇಳಿದದ್ದು ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬದಲ್ಲಿ. ಬೆಂಗಳೂರಿನಿಂದ ಅಡಿಸ್, ಅಡಿಸ್‌ನಿಂದ ಟೊರೊಂಟೋ, ಎರಡೂ ಇಥಿಯೋಪಿಯನ್ ಏರ್‌ಲೈನ್ಸ್. ಅದೂ ಸ್ಟಾರ್ ಅಲಯನ್ಸ್‌ನದ್ದೇ. ವೀಸಾ ಆನ್‌ಲೈನ್‌ನಲ್ಲೇ ಆಯಿತು. ಅಡಿಸ್ ಆರಿಸಿದ್ದಕ್ಕೆ ಇನ್ನೊಂದು ಕಾರಣ ಅಮ್ಮ. ಅವರು ಹುಟ್ಟಿದ್ದು ಚಿಕ್ಕಮಗಳೂರು ಕಡೆ. ಕಾಫಿ ತೋಟದ ನಡುವೆ ಬೆಳೆದವರು. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದ ಕಥೆಯನ್ನು ಚಿಕ್ಕಂದಿನಿಂದ ಕೇಳಿದವರು. ಆ ಗಿಡದ ಮೂಲ ಯೆಮನ್‌ಗಿಂತ ಹಿಂದೆ ಇಥಿಯೋಪಿಯಾ ಕಾಡಿನದು ಅಂತ ನಾನು ಹೇಳಿದಾಗ, "ಹಾಗಾದರೆ ಅಲ್ಲೇ ಇಳಿಯೋಣ ಬಿಡು" ಅಂದರು. ಅಲ್ಲಿ ಒಂದು ಮನೆಯಂಥ ಪುಟ್ಟ ಹೋಟೆಲಿನಲ್ಲಿ ನಮ್ಮ ಎದುರಿಗೇ ಹಸಿ ಬೀಜ ಹುರಿದು, ಹೊಗೆಯನ್ನು ನಮ್ಮ ಕಡೆ ಬೀಸಿ, ಕುಟ್ಟಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಟ್ಟರು. ಮೊದಲ ಸುತ್ತು ಅಬೋಲ್, ಎರಡನೆಯದು ತೋನ, ಮೂರನೆಯದು ಬರಕ. ಅಮ್ಮ ಮೂರೂ ಕುಡಿದರು, ಹಾಲಿಲ್ಲದೆ, ಚಿಕೋರಿಯಿಲ್ಲದೆ. ಆ ಮೂರು ದಿನಕ್ಕೆ ನಾವು ಮೈಲ್ಸ್ ಲೆಕ್ಕದಲ್ಲಿ ಕೊಟ್ಟಿದ್ದು ಇಬ್ಬರಿಗೆ 10,000.

ಆದರೆ ಎರಡು ವಿಷಯ ಮೊದಲೇ ಹೇಳಬೇಕು. ಅಡಿಸ್ ಸಮುದ್ರ ಮಟ್ಟದಿಂದ 2,300 ಮೀಟರ್‌ಗೂ ಮೇಲಿದೆ. ನಮ್ಮ ಮುಳ್ಳಯ್ಯನಗಿರಿ ತುದಿಯೇ ಸುಮಾರು 1,930 ಮೀಟರ್. ಮೊದಲ ದಿನ ಅಮ್ಮನಿಗೆ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂತು, ನಾನು ನಿಜಕ್ಕೂ ಹೆದರಿದೆ. ಆ ದಿನ ಪೂರ್ತಿ ಮಲಗಿದರು, ಮರುದಿನ ಸರಿಹೋದರು. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರ್ ಒಪ್ಪದೆ ಅಲ್ಲಿ ಇಳಿಯಬೇಡಿ.

ಎರಡನೆಯದು ಹಳದಿ ಜ್ವರ. ಇಥಿಯೋಪಿಯಾದಲ್ಲಿ ಇದ್ದು ಆರು ದಿನದೊಳಗೆ ಭಾರತಕ್ಕೆ ಬರುವವರ ಹತ್ತಿರ ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಇರಲೇಬೇಕು, ಇಲ್ಲದಿದ್ದರೆ ಕ್ವಾರಂಟೈನ್. ಅರವತ್ತು ದಾಟಿದವರಿಗೆ ಆ ಲಸಿಕೆಯನ್ನು ಡಾಕ್ಟರ್‌ಗಳು ಯೋಚಿಸಿಯೇ ಕೊಡುತ್ತಾರೆ. ಅದಕ್ಕೇ ನಾನು ಅಡಿಸ್ ಅನ್ನು ಹೋಗುವ ದಾರಿಯಲ್ಲಿ ಇಟ್ಟೆ, ಬರುವ ದಾರಿಯಲ್ಲಿ ಅಲ್ಲ. ಅಲ್ಲಿಂದ ಟೊರೊಂಟೋಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುವುದರಿಂದ ಆ ಆರು ದಿನದ ಮಾತೇ ಬರಲಿಲ್ಲ. ಇಳಿಯುವ ಊರು ಯಾವುದು ಅನ್ನುವಷ್ಟೇ ಮುಖ್ಯ ಅದು ಹೋಗುವಾಗಲೋ ಬರುವಾಗಲೋ ಅನ್ನುವುದು. ಇದನ್ನು ಮೈಲ್ಸ್ ಬಗ್ಗೆ ಬರೆಯುವವರು ಬಹುತೇಕ ಹೇಳುವುದೇ ಇಲ್ಲ.

ಸಿಂಗಪುರ ಯಾಕೆ ಬೇಡ ಅಂದೆ ಅಂದರೆ, ಒಮ್ಮೆ ಭೂಪಟ ನೋಡಿ. ಟೊರೊಂಟೋದಿಂದ ಸಿಂಗಪುರ ಸುಮಾರು 9,300 ಮೈಲಿ, ಅಲ್ಲಿಂದ ಬೆಂಗಳೂರಿಗೆ ಇನ್ನೂ 1,970 ಮೈಲಿ. ನಮ್ಮ ಬೀದಿಗೆ ಬರುವ ಬಸ್ ಬಿಟ್ಟು ಕೊನೇ ಸ್ಟಾಪ್‌ವರೆಗೆ ಹೋಗಿ ವಾಪಸ್ ಬಂದ ಹಾಗೆ. ಅಮ್ಮನ ಮಂಡಿಗೆ ಅದು ಬೇಡ. ಸಿಂಗಪುರ ಬೆಂಗಳೂರಿನಿಂದ ನಾಲ್ಕೂವರೆ ಗಂಟೆ, ಬೇರೆ ಯಾವಾಗಲಾದರೂ ಕಡಿಮೆ ಮೈಲ್ಸ್‌ನಲ್ಲಿ ಹೋಗಿಬನ್ನಿ. ನಾವು ಬರುವಾಗ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಸೀದಾ ಮನೆಗೆ ಬಂದೆವು, ಆ ಟಿಕೆಟ್ ದುಡ್ಡು ಕೊಟ್ಟೇ ಕೊಂಡದ್ದು. ಒಂದು ಎಚ್ಚರ: ಒಂದು ಕಡೆಯ ಟಿಕೆಟ್ ದುಡ್ಡಿಗೆ ಕೊಂಡರೆ ಎಷ್ಟೋ ಸಲ ಹೋಗಿಬರುವ ಟಿಕೆಟ್‌ನ ಅರ್ಧಕ್ಕಿಂತ ಜಾಸ್ತಿ ಆಗುತ್ತದೆ. ಅದನ್ನೂ ಸೇರಿಸಿ ಲೆಕ್ಕ ಹಾಕಿ.

ಹುಡುಕುವ ರೀತಿ ಹೇಳುತ್ತೇನೆ. ಬೆಂಗಳೂರು–ಟೊರೊಂಟೋ ಅಂತ ಒಟ್ಟಿಗೆ ಹುಡುಕಬೇಡಿ. ಅತಿ ಉದ್ದದ ತುಂಡನ್ನು ಮೊದಲು ಹುಡುಕಿ, ಇಲ್ಲಿ ಅಡಿಸ್–ಟೊರೊಂಟೋ. ಮೈಲ್ಸ್ ಸೀಟು ಕಡಿಮೆ ಇರುವುದು ಅಲ್ಲೇ. ಅದರಲ್ಲಿ ಎರಡು ಸೀಟು ಇರುವ ದಿನಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಅದಕ್ಕೆ ಮೂರು ದಿನ ಹಿಂದಿನ ಬೆಂಗಳೂರು–ಅಡಿಸ್ ನೋಡಿ. ಎರಡೂ ಹೊಂದಿದ ಮೇಲೆ ಏರ್ ಕೆನಡಾ ಸೈಟ್‌ನಲ್ಲಿ ಮಧ್ಯದ ಊರನ್ನು ಸೇರಿಸಿ ಒಂದೇ ಟಿಕೆಟ್ ಆಗಿ ಹುಡುಕಿ. ಶುರುವಿನಿಂದಲೇ ಇಬ್ಬರು ಅಂತ ಹಾಕಿ, ಒಬ್ಬರಿಗೆ ಸೀಟು ತೋರಿಸಿದ ದಿನ ಇಬ್ಬರಿಗೆ ಇಲ್ಲದಿರಬಹುದು. ಸಾಮಾನ್ಯವಾಗಿ ಸೀಟು ಬಿಡುವುದು ಎರಡು ಹೊತ್ತಿನಲ್ಲಿ: ಹನ್ನೊಂದು, ಹನ್ನೆರಡು ತಿಂಗಳು ಮೊದಲು, ಇಲ್ಲವೇ ಹೊರಡಲು ಎರಡು ವಾರ ಇದ್ದಾಗ. ಅಮ್ಮನ ಜೊತೆ ಹೋಗುವವರು ಎರಡನೆಯದನ್ನು ನಂಬಿಕೊಳ್ಳಬೇಡಿ.

ಕೆಲವು ಸಲ ಸೈಟ್‌ನಲ್ಲಿ ಸೀಟು ಕಾಣುತ್ತದೆ, ದುಡ್ಡು ಕಟ್ಟುವ ಹಂತಕ್ಕೆ ಬಂದಾಗ ಇರುವುದಿಲ್ಲ. ಪಾಯಿಂಟ್ ಕಳಿಸುವ ಮೊದಲು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಸೈಟ್‌ನಲ್ಲೂ ಅದೇ ದಿನ, ಅದೇ ವಿಮಾನ ಇದೆಯಾ ಅಂತ ನೋಡಿ. ಎರಡೂ ಕಡೆ ಕಂಡರೆ ಬಹುಮಟ್ಟಿಗೆ ನಿಜ. ಫೋನಿನಲ್ಲಿ ಕೇಳುವುದಾದರೆ ಎಕಾನಮಿಗೆ ಎಕ್ಸ್ ಕ್ಲಾಸ್, ಬ್ಯುಸಿನೆಸ್‌ಗೆ ಐ ಕ್ಲಾಸ್ ಅಂತ ಕೇಳಿ, ಸ್ಟಾರ್‌ನಲ್ಲಿ ಮೈಲ್ಸ್ ಸೀಟಿನ ಗುರುತು ಅದು.

ಇಳಿಯುವುದಕ್ಕೂ ವಿಮಾನ ಬದಲಿಸುವುದಕ್ಕೂ ಗೆರೆ 24 ಗಂಟೆ. 22 ಗಂಟೆ ಒಂದು ಊರಲ್ಲಿದ್ದರೆ ಅದು ಇಳಿದಂತಲ್ಲ, ಪಾಯಿಂಟ್ ಕೊಡಬೇಕಿಲ್ಲ, ಆದರೆ ಹೊರಗೆ ಹೋಗಲು ಸಾಮಾನ್ಯವಾಗಿ ವೀಸಾ ಬೇಕು. ಲಂಡನ್‌ನಲ್ಲಿ ಮಾತ್ರ ಜೋಪಾನ. 24 ಗಂಟೆಗಿಂತ ಜಾಸ್ತಿ ಇದ್ದು ಅಲ್ಲಿಂದ ಹೊರಟರೆ ಬ್ರಿಟನ್ ವಿಮಾನ ತೆರಿಗೆ ಬೀಳುತ್ತದೆ, ದೂರದ ಪ್ರಯಾಣಕ್ಕೆ ಅದು ದೊಡ್ಡದು. ಮತ್ತೆ, ಒಂದೇ ಟಿಕೆಟ್‌ನಲ್ಲಿ ಮಧ್ಯದ ಒಂದು ವಿಮಾನ ಹತ್ತದೆ ಬಿಟ್ಟರೆ ಮುಂದಿನದೆಲ್ಲ ರದ್ದಾಗುತ್ತದೆ.

ಅಮ್ಮನ ಪಾಸ್‌ಪೋರ್ಟ್ ಈಗಲೇ ತೆಗೆದು ನೋಡಿ. ನಮ್ಮ ಕಡೆ ಹಿರಿಯರಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಇನಿಷಿಯಲ್ ಬಿಡಿಸಿ ಗಂಡನ ಹೆಸರೋ ಊರಿನ ಹೆಸರೋ ಸೇರಿರುತ್ತದೆ. ಬುಕಿಂಗ್ ಸೈಟ್ ಎರಡೂ ಜಾಗ ತುಂಬಿಸು ಅನ್ನುತ್ತದೆ. ನಿಮಗೆ ತೋಚಿದ್ದು ಹಾಕಬೇಡಿ, ಏರ್‌ಲೈನ್‌ಗೆ ಫೋನ್ ಮಾಡಿ ಅವರು ಹೇಳಿದಂತೆ ಹಾಕಿ. ಅಮ್ಮನ ಹೆಸರಿನಲ್ಲಿ ಬೇರೆ ಖಾತೆ ಬೇಕಿಲ್ಲ, ನಿಮ್ಮ ಏರೋಪ್ಲಾನ್ ಖಾತೆಯಿಂದಲೇ ಅವರ ಟಿಕೆಟ್ ಆಗುತ್ತದೆ.

ಒಂದೇ ಟಿಕೆಟ್‌ನಲ್ಲಿ ಜಗತ್ತು ಸುತ್ತುವ, ಜಪಾನಿನ ಎಎನ್‌ಎ ಏರ್‌ಲೈನ್‌ನ ಯೋಜನೆ ಬಗ್ಗೆಯೂ ಕೇಳಿದ್ದಿರಿ. ಎಂಟು ಊರಲ್ಲಿ ಇಳಿಯಬಹುದಾಗಿದ್ದ ಅದು 2025ರ ಜೂನ್‌ನಲ್ಲಿ ನಿಂತುಹೋಯಿತು, ಹಳೆಯ ಬರಹಗಳು ಇನ್ನೂ ಓಡಾಡುತ್ತಿವೆ. ಅದರ ಹಿಂದೆ ಹೋಗಬೇಡಿ.

ಯಾವ ತಿಂಗಳು ಹೊರಡುತ್ತೀರಿ, ಕಾರ್ಡ್‌ನ ಲೆಕ್ಕ ಎಷ್ಟಕ್ಕೆ ಎಷ್ಟು, ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇದೆಯಾ, ಈ ಮೂರು ಬರೆಯಿರಿ. ಹೆಸರು ಬರೆಯಬೇಡಿ, ಇದೆಯೋ ಇಲ್ಲವೋ ಅಷ್ಟು ಸಾಕು. ಅಡಿಸ್–ಟೊರೊಂಟೋ ಎರಡು ಸೀಟು ಯಾವ ದಿನ ಇದೆ ಅಂತ ನಾನೂ ನೋಡಿ ಹೇಳುತ್ತೇನೆ.